ಹೊಲಿಯುವ ಖಣ, ತಿರುಗುವ ಖಣ

ಜುಲೈ 1, ಸೋಮವಾರ. ಬೆಳಿಗ್ಗೆ 6.20

ನಲ್ಲಿ ಬಂತು. ಮೂರು ಕೊಡ, ಒಂದು ಬಕೆಟ್. ಹಿಂಬಾಗಿಲ ಚಿಲಕ ನೋಡಿದೆ. ಮತ್ತೊಮ್ಮೆ ನೋಡಿದೆ. ಮುಂಡಗೋಡಕ್ಕೆ ಬಂದು ಇಂದಿಗೆ ಹದಿನೈದು ದಿನ.

ಕೆಳಗೆ ನೀಲಕ್ಕ ಅಂಗಳ ಗುಡಿಸುತ್ತಿದ್ದಾರೆ. ಮನೆಯ ಒಡತಿ, ಅರವತ್ತು ದಾಟಿರಬೇಕು. ನನ್ನ ಮೆಟ್ಟಿಲ ಹತ್ತಿರ ಬಂದಾಗ ಕಸಬರಿಗೆಯ ಸದ್ದು ನಿಧಾನವಾಗುತ್ತದೆ. ಕಿವಿಗೊಟ್ಟು ಕೇಳುತ್ತಾರೋ ಏನೋ. ಕೇಳುವುದಕ್ಕೆ ಇಲ್ಲಿ ಏನಿದೆ? ಒಬ್ಬಳ ಸಂಸಾರ. ಕುಕ್ಕರ್ ಒಂದು ಸಲ ಕೂಗುತ್ತದೆ, ಅಷ್ಟೇ.

ನಿನ್ನೆಯೂ ಅದೇ ಪ್ರಶ್ನೆ. "ಯಜಮಾನ್ರು ಯಾವಾಗ ಬರ್ತಾರ್ರಿ ಮೇಡಂ?"

"ಮೈಸೂರಲ್ಲಿದ್ದಾರೆ. ಕೆಲಸ ಜಾಸ್ತಿ."

ಸುಳ್ಳಲ್ಲ. ಮೈಸೂರಿನಲ್ಲೇ ಇದ್ದಾನೆ. ಯಾರ ಜೊತೆ ಎಂದು ಅವರು ಕೇಳಲಿಲ್ಲ.

ಜುಲೈ 9, ಮಂಗಳವಾರ

ಕಾಲೇಜ್ ಲೈಬ್ರರಿಯಲ್ಲಿ ಇಬ್ಬರೇ. ನಾನು, ಅಟೆಂಡರ್ ಕ್ರಿಸ್ತಿನಾ. ಅವಳು ಹನ್ನೊಂದು ವರ್ಷದಿಂದ ಇದ್ದಾಳೆ. ಅಷ್ಟರಲ್ಲಿ ಮೂವರು ಲೈಬ್ರರಿಯನ್ನರು ಬಂದು ಹೋಗಿದ್ದಾರೆ. ಸಿದ್ದಿಯರವಳು, ಅತ್ತಿವೇರಿ ಕಡೆಯ ಹಳ್ಳಿ. ಈಗ ಚರ್ಚಿನ ಹಿಂದೆ ಮನೆ. ವಯಸ್ಸು ನನ್ನದೇ ಇರಬೇಕು, ನಲವತ್ತಾರು. ಮೊದಲ ದಿನ ಕೇಳಿದ್ದಳು: "ಎಷ್ಟ ತಿಂಗಳಾ ಇರ್ತೀರಿ ಮೇಡಂ?" ವರ್ಷ ಅನ್ನಲಿಲ್ಲ.

ಇವತ್ತು ಹೊಸ ಪುಸ್ತಕಗಳಿಗೆ ಸೀಲು. ನಾನು ಮೂವತ್ತೇಳನೇ ಪುಟದಲ್ಲೂ ಒಂದು ಸಣ್ಣ ನಂಬರ್ ಬರೆಯುವುದನ್ನು ನೋಡಿ ಕೈ ತಡೆದಳು.

"ಅಲ್ಯಾಕ್ರಿ?"

"ಗುಟ್ಟಿನ ಪುಟ. ಕದಿಯೋರು ಮೊದಲ ಪುಟ, ಕೊನೇ ಪುಟ ಹರಿದುಹಾಕ್ತಾರೆ. ಒಳಗಿಂದು ಅವರಿಗೆ ಗೊತ್ತಿರಲ್ಲ. ಎಲ್ಲಿ ಸಿಕ್ಕಿದರೂ ಇದು ನಮ್ಮದು ಅಂತ ಹೇಳಬಹುದು."

"ಮೊದಲಿನವ್ರು ಯಾರೂ ಹೇಳೇ ಇಲ್ಲ." ಪುಸ್ತಕ ಮುಚ್ಚಿ, ತೆರೆದು, ಮತ್ತೆ ಮೂವತ್ತೇಳು ಹುಡುಕಿದಳು. "ಅಂದ್ರ ಎಲ್ಲಾರನ್ನೂ ಕಳ್ಳರು ಅಂತನ ತಿಳಕೋಬೇಕು."

"ಹಾಗಲ್ಲ..." ಎಂದೆ. ಹಾಗೇ.

ಜುಲೈ 24, ಬುಧವಾರ

ಒಂದು ವಾರದಿಂದ ಕ್ರಿಸ್ತಿನಾ ಟಿಫಿನ್ ಡಬ್ಬಿಯನ್ನು ನನ್ನ ಮೇಜಿಗೆ ತರುತ್ತಿದ್ದಾಳೆ. ನನ್ನ ಹುಳಿ ಅವಳಿಗೆ ಬೇಕು. "ಮೈಸೂರ ಹುಳಿ ಸಿಹಿ ಆಗಿ ಬಿಡತೈತಿ" ಅನ್ನುತ್ತಾಳೆ, ಎರಡು ಸಲ ಹಾಕಿಕೊಳ್ಳುತ್ತಾಳೆ. ಮಗಳು ಜ್ಯೂಲಿಗೆ ಮದುವೆ ಗೊತ್ತಾಗಿದೆಯಂತೆ. ಇಂಥ ವಿಷಯ ನನಗೇಕೆ ಹೇಳುತ್ತಾಳೆ? ಏನೋ ಕೇಳುವುದಿರಬೇಕು. ರಜೆ ಇರಬಹುದು.

ಇಡೀ ವಾರ ಕಾದೆ. ಏನೂ ಕೇಳಲಿಲ್ಲ.

ಆಗಸ್ಟ್ 9, ಶುಕ್ರವಾರ. ಪಂಚಮಿ

ನೀಲಕ್ಕ ಕೆಳಗೆ ಕರೆದರು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. ಪಕ್ಕದ ಮನೆಯ ಸುನಂದಾ ಇದ್ದಳು. ಬಟ್ಟೆ ಹೊಲಿಯುವವಳು, ಬೀದಿಯ ಮೂಲೆಯಲ್ಲಿ ಅಂಗಡಿ. ನೀಲಕ್ಕನ ಗಂಡ ಬಸಲಿಂಗಯ್ಯನವರು ನನ್ನನ್ನು ನೋಡಿ ಪೇಪರ್ ಏರಿಸಿಕೊಂಡರು.

"ನಿಲ್ರಿ, ಉಡಿ ತುಂಬತೇನಿ" ಅಂದರು ನೀಲಕ್ಕ.

ಚೂಡಿದಾರದಲ್ಲಿದ್ದೆ. ದುಪಟ್ಟಾ ಹಿಡಿದೆ. ಅಕ್ಕಿ, ಕಾಯಿ, ಅರಿಸಿನ ಕೊಂಬು, ಎಲೆಯಡಿಕೆ, ಮೇಲೊಂದು ಗಿಳಿಹಸಿರು ಜಂಪರ್ ಪೀಸ್. ನಮ್ಮಲ್ಲಿ ಕಣ ಅನ್ನುತ್ತೇವೆ, ಇವರು ಖಣ. ಒಂದು ಚಿಟಿಕೆ ಅಕ್ಕಿ ಅವರ ತಾಟಿಗೆ ವಾಪಸು ಹಾಕಬೇಕಂತೆ. ಹಾಕಿದೆ.

ಉಡಿ ತುಂಬುವುದು ಮುತ್ತೈದೆಗೆ. ವಿಚ್ಛೇದನದ ಕೇಸ್ ಇನ್ನೂ ಕೋರ್ಟಿನಲ್ಲಿದೆ. ಇವತ್ತಿನ ಮಟ್ಟಿಗೆ ನಾನು ಮುತ್ತೈದೆಯೇ. ಲೆಕ್ಕಕ್ಕೆ.

ಮೆಟ್ಟಿಲು ಹತ್ತುವಾಗ ಕೆಳಗೆ ನಗು. ನನ್ನ ಬಗ್ಗೆಯೇ ಎಂದು ಯಾಕೆ ಅನಿಸಬೇಕು?

ಅನಿಸುತ್ತದೆ. ಮೈಸೂರಿನಲ್ಲಿ ನಾಲ್ವರು ಗೆಳತಿಯರು. ಹದಿನಾಲ್ಕು ವರ್ಷ. ತಿಂಗಳಿಗೊಮ್ಮೆ ಊಟ. ಅವನ ವಿಷಯ ನಾಲ್ವರಿಗೂ ಎರಡು ವರ್ಷ ಮೊದಲೇ ಗೊತ್ತಿತ್ತು. "ನಿನಗೆ ನೋವಾಗುತ್ತೆ ಅಂತ ಹೇಳಲಿಲ್ಲ ಕಣೇ." ಎರಡು ವರ್ಷ ನನ್ನೆದುರು ಕೂತು ದೋಸೆ ತಿಂದರು. ಅವನನ್ನು ಬಿಟ್ಟದ್ದಕ್ಕಿಂತ ಅವರನ್ನು ಬಿಟ್ಟದ್ದೇ ಕಷ್ಟವಾಯಿತು. ವರ್ಗಾವಣೆಯ ಆಯ್ಕೆಪಟ್ಟಿಯಲ್ಲಿ ಮುಂಡಗೋಡ ಎಂದು ಬರೆದವಳು ನಾನೇ. ಅಲ್ಲಿ ಯಾರಿಗೂ ನಾನು ಗೊತ್ತಿಲ್ಲ, ಅದೊಂದೇ ಕಾರಣ.

ಖಣಕ್ಕೆ ನುಸಿಗುಳಿಗೆಯ ವಾಸನೆ. ಮಡಿಕೆಯ ಗೆರೆಗಳು ಮೂರು ಥರ ಇವೆ. ಮೂರು ಮನೆಗಳಲ್ಲಿ ಮೂರು ಥರ ಮಡಚಿದ್ದಾರೆ.

ಆಗಸ್ಟ್ 11, ಭಾನುವಾರ

ಸುನಂದಾಳ ಅಂಗಡಿಗೆ ಒಯ್ದೆ. ಹೊಲಿಸಬೇಕು ಎಂದೆ. ಟೇಪು ಹಿಡಿದು, ನನ್ನ ಮುಖ ನೋಡಿ, ನಗು ತಡೆದಳು.

"ಎಪ್ಪತ್ತ ಸೆಂಟಿಮೀಟರ್ರಿ. ತೋಳು ಬರೂದಿಲ್ಲ. ಇದು ಹೊಲಿಯೂ ಖಣ ಅಲ್ರಿ ಮೇಡಂ, ತಿರುಗೂ ಖಣ. ನಾನೂ ಒಮ್ಮೆ ಇದನ್ನ ದಾಟಿಸೇನಿ."

ಗೊತ್ತಿತ್ತು. ಊರೂರಲ್ಲೂ ಹೀಗೆ ಉಡಿಯಿಂದ ಉಡಿಗೆ ತಿರುಗುತ್ತವೆ. ಅವಳ ಬಾಯಿಂದ ಕೇಳಬೇಕಿತ್ತು, ಅಷ್ಟೇ.

"ನೀಲಕ್ಕ ನಿಮಗೂ ಇಂಥದ್ದೇ ಕೊಡ್ತಾರಾ?"

"ಅಯ್ಯ, ನನಗ ಹೊಲಿಯೂದ ಕೊಡ್ತಾರ. ನಾ ಮನಿಯಾಕಿನ ಇದ್ದಂಗ." ತೊಟ್ಟಿದ್ದ ಮೆರೂನ್ ಜಂಪರಿನ ತೋಳು ತೋರಿಸಿದಳು. "ಇದು ಅವರದ."

ಸರಿ. ಹಾಗಾದರೆ ಊರಿನಲ್ಲಿ ಎರಡು ಥರ ಹೆಂಗಸರು. ಹೊಲಿಯುವ ಖಣದವರು, ತಿರುಗುವ ಖಣದವರು. ನನಗಿನ್ನೂ ಎರಡು ತಿಂಗಳು ತುಂಬಿಲ್ಲ, ನೋಯುವುದಕ್ಕೆ ಏನಿದೆ?

ನೊಂದಿತು.

ಆಗಸ್ಟ್ 12, ಸೋಮವಾರ. ಸಂಜೆ

ಗಾಢ ಹಸಿರು ದಾರ. ಗಿಳಿಹಸಿರಿನ ಮೇಲೆ ಎದ್ದು ಕಾಣುವುದಿಲ್ಲ. ಖಣದ ಒಂದು ಮೂಲೆಯ ಒಳಮಗ್ಗುಲಲ್ಲಿ ಒಂದೇ ಹೊಲಿಗೆ. ಮೂವತ್ತೇಳನೇ ಪುಟ.

ಎಲ್ಲೆಲ್ಲಿ ಹೋಗುತ್ತದೆ ನೋಡೋಣ. ಯಾರು ಯಾರಿಗೆ ಎಷ್ಟು ಬೇಕಾದವರು ಎಂದು ಇದರಿಂದ ತಿಳಿಯುತ್ತದೆ. ಹುಚ್ಚೇ? ಇರಬಹುದು. ಬಾಯಿಬಿಟ್ಟು ಕೇಳುವುದಕ್ಕಿಂತ ವಾಸಿ.

ಸೆಪ್ಟೆಂಬರ್ 15, ಭಾನುವಾರ

ಕ್ರಿಸ್ತಿನಾ ಅತ್ತಿವೇರಿಗೆ ಕರೆದೊಯ್ದಳು. ಅಲ್ಲಿ ಅವಳ ಅಕ್ಕನ ಮನೆ. ಕೆರೆಯ ಏರಿಯ ಮೇಲೆ ಕುಳಿತೆವು. ಮುಳುಗಿದ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು.

"ನೋಡ್ರಿ, ಹಗ್ಗದ ಮ್ಯಾಲೆ ಕೋಟ ಒಣ ಹಾಕಿದಂಗ" ಅಂದಳು.

ನಕ್ಕೆ. ಬಹಳ ದಿನದ ಮೇಲೆ ಹಾಗೆ ನಕ್ಕದ್ದು. ತಕ್ಷಣ ಯಾಕೆ ಕರೆದಳು, ಏನು ಬೇಕು ಎಂಬ ಯೋಚನೆ ಬಂತು. ಅಕ್ಕನ ಮನೆಯಲ್ಲಿ ಮೀನುಸಾರು, ಅನ್ನ. ನಾನು ಮೀನು ತಿನ್ನುವುದಿಲ್ಲವೆಂದು ನನಗೆ ಬೇರೆ ಹೆಸರುಕಾಳು ಮಾಡಿಸಿದ್ದಳು. ಮೊದಲೇ ಹೇಳಿಟ್ಟಿದ್ದಳು.

ಹೊರಡುವಾಗ ಬರಿಗೈಯಲ್ಲಿ ಬಿಡಬಾರದೆಂದು ಚೀಲದಿಂದ ಖಣ ತೆಗೆದು ಕೊಟ್ಟೆ. ಜ್ಯೂಲಿಯ ಮದುವೆಯ ನೆಪ ಹೇಳಿದೆ.

"ನಮ್ಮ ಪಾದ್ರಿಗೆ ಹೇಳಬ್ಯಾಡ್ರಿ ಮತ್ತ, ಉಡಿ ತುಂಬಿದ್ರು ಅಂತ." ನಗುತ್ತ ತೆಗೆದುಕೊಂಡಳು. ಬಿಡಿಸಿದಳು. ಅಂಚಿನುದ್ದಕ್ಕೂ ಬೆರಳು ಹೋಯಿತು. ಮೂಲೆಯಲ್ಲಿ ನಿಂತಿತು.

"ಚಲೋ ಐತ್ರಿ" ಎಂದು ಮಡಚಿದಳು.

ಮುಂಡಗೋಡದಲ್ಲಿ ಹತ್ತು ಬಟ್ಟೆ ಅಂಗಡಿ ಇವೆ. ಹೊಸದೊಂದು ಕೊಳ್ಳಬಹುದಿತ್ತು.

ಸೆಪ್ಟೆಂಬರ್ 17, ಮಂಗಳವಾರ

ಕ್ರಿಸ್ತಿನಾ ಊಟಕ್ಕೆ ಬರಲಿಲ್ಲ. ಪುಸ್ತಕಗಳ ಸ್ಟ್ಯಾಕ್ ರೂಮಿನಲ್ಲಿ ಒಬ್ಬಳೇ ತಿಂದಳಂತೆ. ಹೊಟ್ಟೆ ಸರಿಯಿಲ್ಲ ಅಂದಳು.

ಅಕ್ಟೋಬರ್ 4, ಶುಕ್ರವಾರ. ಸಂಜೆ 5.45

ವಕೀಲರಿಂದ ರಿಜಿಸ್ಟರ್ಡ್ ಪೋಸ್ಟ್. ನಾನು ಕಾಲೇಜಿನಲ್ಲಿದ್ದಾಗ ಬಂದಿದೆ. ನೀಲಕ್ಕ ಸಹಿ ಮಾಡಿ ಇಟ್ಟುಕೊಂಡಿದ್ದರು.

"ಮಳಿಗಿ ಗೋಂದು ಬಿಟ್ಟಿತ್ರಿ" ಅಂದರು, ಕೊಡುವಾಗ.

ಕವರು ಒಣಗಿತ್ತು. ವಿಳಾಸದ ಶಾಯಿ ಎಲ್ಲೂ ಹರಡಿಲ್ಲ. ನೀರು ಗೋಂದಿಗೆ ಮಾತ್ರ ಬಿತ್ತೇ?

ಒಳಗೆ ತೀರ್ಪಿನ ನಕಲು, ಕನ್ನಡದಲ್ಲಿ. ವಿಚ್ಛೇದನ ಮಂಜೂರಾಗಿದೆ. ನಾಲ್ಕು ಪುಟ. ಮಡಿಕೆ ಸರಿಯಾಗಿಲ್ಲ. ವಕೀಲರ ಆಫೀಸಿನಲ್ಲಿ ಮೂರು ಮಡಿಕೆ ಹಾಕುತ್ತಾರೆ, ಇದು ನಾಲ್ಕು.

ಅಳು ಬರಬೇಕಿತ್ತು. ಮಡಿಕೆ ಎಣಿಸುತ್ತ ಕೂತೆ.

ಅಕ್ಟೋಬರ್ 21, ಸೋಮವಾರ

ಖಚಿತವಾಯಿತು. ಹದಿನೇಳು ದಿನದಿಂದ ನೀಲಕ್ಕ "ಯಜಮಾನ್ರು" ಎಂದು ಒಂದು ಸಲವೂ ಕೇಳಿಲ್ಲ. ಮೊದಲು ವಾರಕ್ಕೆ ಎರಡು ಸಲ.

ಸುನಂದಾ ನನ್ನನ್ನು ಕಂಡರೆ ಮಷೀನು ಜೋರಾಗಿ ತುಳಿಯುತ್ತಾಳೆ. ಕ್ರಿಸ್ತಿನಾ ಊಟಕ್ಕೆ ಬರುವುದೇ ಇಲ್ಲ. "ಹೌದ್ರಿ", "ಇಲ್ರಿ", ಅಷ್ಟೇ. ಎಲ್ಲರಿಗೂ ಗೊತ್ತಿದೆ. ಯಾರೂ ಬಾಯಿ ಬಿಡುವುದಿಲ್ಲ. ನಾನೂರು ಕಿಲೋಮೀಟರ್ ಬಂದು ಅದೇ ಮೇಜಿಗೆ ಕೂತಿದ್ದೇನೆ.

ನವೆಂಬರ್ 20, ಬುಧವಾರ

ವರ್ಗಾವಣೆ ಸುತ್ತೋಲೆ. ಅರ್ಜಿ ಆನ್‌ಲೈನ್, ಕೊನೆಯ ದಿನ ಫೆಬ್ರವರಿ 28, ಸಂಜೆ ಐದೂವರೆ. ಒಂದು ವರ್ಷ ಆಗದವರಿಗೂ ವಿಶೇಷ ಕಾರಣವಿದ್ದರೆ ಅವಕಾಶ. ಕಾರಣಗಳ ಪಟ್ಟಿಯಲ್ಲಿ ನಾಲ್ಕನೆಯದು "ವಿಚ್ಛೇದಿತೆ". ತೀರ್ಪಿನ ನಕಲು ಲಗತ್ತಿಸಬೇಕು. ನಕಲು ಇದೆ. ನಾಲ್ಕು ಮಡಿಕೆಯದು.

ಹೋಗುತ್ತೇನೆ. ಮೈಸೂರಲ್ಲದಿದ್ದರೆ ಹಾಸನ. ಇಲ್ಲಿ ನನ್ನೆದುರು ನಿಂತು ಒಂದು ಮಾತು ನೇರವಾಗಿ ಹೇಳುವವರು ಒಬ್ಬರು ಇದ್ದಿದ್ದರೆ... ಒಬ್ಬರು ಸಾಕಿತ್ತು.

ಜನವರಿ 14, ಮಂಗಳವಾರ. ಸಂಕ್ರಾಂತಿ

ನೀಲಕ್ಕ ಮತ್ತೆ ಕರೆದರು. ಹೋಗಬಾರದೆಂದಿದ್ದೆ. ಹೋದೆ.

"ನಿಲ್ರಿ." ದುಪಟ್ಟಾದಲ್ಲಿ ಅಕ್ಕಿ, ಕಾಯಿ, ಕುಸುರೆಳ್ಳು. ಮೇಲೆ ಗಿಳಿಹಸಿರು.

ಮೇಲೆ ಬಂದು ಕಿಟಕಿಯ ಬೆಳಕಿಗೆ ಹಿಡಿದೆ. ನನ್ನ ಹಸಿರು ಹೊಲಿಗೆ ಇತ್ತು. ಅದೇ ಖಣ. ಐದು ತಿಂಗಳಲ್ಲಿ ಸುತ್ತಿ ನನಗೇ ಬಂದಿದೆ.

ಎರಡನೇ ಮೂಲೆಯಲ್ಲಿ ಕೆಂಪು ದಾರದ ಒಂದು ಪುಟ್ಟ ಶಿಲುಬೆ. ಎರಡೇ ಹೊಲಿಗೆ. ಹೊಸದು.

ಮೂರನೇ ಮೂಲೆಯಲ್ಲಿ ಹಳದಿ ದಾರದ ಗಂಟು. ಬಣ್ಣ ಮಾಸಿ ಕಂದಿದೆ. ಬಹಳ ಹಳೆಯದು. ಆಗಸ್ಟಿನಲ್ಲೂ ಇದ್ದಿರಬೇಕು. ಆಗ ನಾನು ನೋಡಿದ್ದು ಒಂದೇ ಮೂಲೆ, ನನ್ನದು. ಇಪ್ಪತ್ತು ವರ್ಷ ಲೈಬ್ರರಿಯನ್, ಬೇರೆಯವರ ಸೀಲು ಇದೆಯೇ ಎಂದು ಮೊದಲು ನೋಡಬೇಕೆಂದು ಹೊಳೆಯಲಿಲ್ಲ.

ಇನ್ನೊಂದು. ನುಸಿಗುಳಿಗೆಯ ವಾಸನೆ ಇಲ್ಲ. ಮೂರು ಥರದ ಮಡಿಕೆಯ ಗೆರೆಗಳೂ ಇಲ್ಲ. ಯಾರೋ ನೀರಿಗೆ ಹಾಕಿದ್ದಾರೆ. ತಿರುಗುವ ಖಣವನ್ನು ಯಾರೂ ಒಗೆಯುವುದಿಲ್ಲ.

ಜನವರಿ 15, ಬುಧವಾರ. ಮಧ್ಯಾಹ್ನ 2.10

ಕೇಳಿಬಿಟ್ಟೆ. ಖಣವನ್ನು ಕ್ರಿಸ್ತಿನಾಳ ಮುಂದೆ ಹರಡಿ ಕೆಂಪು ಮೂಲೆ ತೋರಿಸಿದೆ.

"ಹೌದ್ರಿ, ನಂದ. ನೀವ ಕಲಿಸಿದ್ದಲ್ಲ, ಮೂವತ್ತೇಳನೇ ಪುಟ."

"ಯಾಕೆ?"

"ನೀವ್ಯಾಕ ಹಾಕಿದ್ರಿ?"

ಖಣದ ಅಂಚು ಸರಿಮಾಡಿದೆ. ಅವಳೇ ಹೇಳಿದಳು. ಸ್ಟೂಲಿನ ಮೇಲೆ ಕುಳಿತು, ನನ್ನನ್ನು ನೋಡದೆ.

"ಅವತ್ತ ಕೆರಿ ಏರಿ ಮ್ಯಾಲೆ ನಕ್ಕೊಂತ ಕುಂತವ್ರು, ಮನಿಗೆ ಬಂದು ಉಂಡವ್ರು, ಗುರುತು ಹಾಕಿದ ಅರಿವಿ ಕೊಟ್ರಲ್ಲ ಅಂತ ಹೊಟ್ಟಿ ಉರೀತು. ಹನ್ನೊಂದ ವರ್ಷ ಈ ಲೈಬ್ರರಿ ಕೀಲಿ ನನ್ನ ಸೊಂಟದಾಗ ಐತಿ. ಒಂದ ಪುಸ್ತಕ ಹೋಗಿಲ್ಲ. ನನ್ನನ್ನೂ ಕಳ್ಳರ ಲೆಕ್ಕಕ್ಕ ಹಿಡದ್ರೇನು ಅಂತ."

"ಹಾಗಲ್ಲ ಕ್ರಿಸ್ತಿನಾ, ಅದು ನಿನ್ನ ಮೇಲಲ್ಲ..."

"ನನ್ನ ಕೈಯಾಗ ಕೊಟ್ರಿ."

ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಆಮ್ಯಾಲೆ ನಾನೂ ಹಾಕ್ದೆ. ಜ್ಯೂಲಿ ಮದವಿ ಅರಿವಿ ಹೊಲಿಸಾಕ ಹೋದಾಗ ಸುನಂದಾಗ ಕೊಟ್ಟೆ. ಅಕಿ ಯಾರಿಗೆ ಕೊಡ್ತಾಳಂತ ಗೊತ್ತಿತ್ತು. ನನ್ನ ಕೈಯಿಂದ ಹೋದ ಖಣ ನೀಲಕ್ಕಾರ ತಾಟಿನ್ಯಾಗ ಕುಂದರತೈತೋ, ಇಲ್ಲ ನೆಲಾ ಒರಸೂ ಅರಿವಿ ಆಗತೈತೋ, ನೋಡೂಣು ಅಂತ." ಖಣದ ಮೇಲೆ ಕೈಯಾಡಿಸಿದಳು. "ತಾಟಿನ್ಯಾಗ ಬಂದೈತಲ್ರಿ?"

"ಬಂದಿದೆ."

"ಯಾರ ಕೈಯಿಂದ ಬಂತಂತ ಅವ್ರಿಗೆ ಗೊತ್ತಿತ್ತೇನು?"

"ಗೊತ್ತಿಲ್ಲ."

"ಅದ ಗೊತ್ತಾಗಬೇಕಿತ್ತು ನನಗ." ಎದ್ದು ಹೋದಳು.

ಹಿಂದಿನ ಪುಟಗಳನ್ನು ತಿರುಗಿಸಿದೆ. ಅವಳು ಊಟಕ್ಕೆ ಬರುವುದು ನಿಂತದ್ದು ಸೆಪ್ಟೆಂಬರ್ 17. ವಕೀಲರ ಪತ್ರ ಬಂದದ್ದು ಅಕ್ಟೋಬರ್ 4. ನನ್ನ ಕೈಬರಹದಲ್ಲೇ ಇದೆ. ಅವಳ ಮುನಿಸಿಗೂ ಪತ್ರಕ್ಕೂ ಸಂಬಂಧವೇ ಇರಲಿಲ್ಲ. ಎಲ್ಲರ ಮೇಲೂ ಕಣ್ಣಿಟ್ಟಿದ್ದೆ. ತಾರೀಖು ನೋಡಲಿಲ್ಲ.

ಅದೇ ದಿನ. ಸಂಜೆ 6.30

ಕೆಳಗೆ ಹೋದೆ. ನೀಲಕ್ಕ ಅವರೆಕಾಯಿ ಸುಲಿಯುತ್ತಿದ್ದರು. ಎದುರು ಕುಳಿತು ನಾನೂ ಸುಲಿದೆ. ಆಮೇಲೆ ಹಳದಿ ಗಂಟು ತೋರಿಸಿದೆ.

ದಿಟ್ಟಿಸಿ ನೋಡಿದರು. ನಗು ಶುರುವಾಯಿತು. ಕಣ್ಣಲ್ಲಿ ನೀರು ಬರುವಷ್ಟು.

"ಯವ್ವಾ, ಇದು ಇನ್ನೂ ಐತೇನು? ನಾನ ಹಾಕಿದ್ದು. ನಮ್ಮ ನೆಗೆಣ್ಣಿ ಸಲವಾಗಿ. ನಾ ಕೊಟ್ಟ ಖಣ ನನಗ ಹೊಳ್ಳಿ ಕೊಡ್ತಾಳಂತ ಸಂಶೇ ಇತ್ತು. ಎಂಟ ವರ್ಷ ಆತು. ಕೊಟ್ಟೇ ಬಿಟ್ಟಳು ನೋಡು. ಅವತ್ತಿನಿಂದ ಅಕಿ ಮನ್ಯಾಗ ಚಾ ಕುಡದಿಲ್ಲ ನಾನು."

ನನಗೂ ನಗು ಬಂತು. ಇವರೂ.

ಆ ಧೈರ್ಯದಲ್ಲೇ ಕೇಳಿದೆ. "ಅಕ್ಟೋಬರಲ್ಲಿ ನನ್ನ ಪತ್ರ... ಗೋಂದು ಮಳೆಗೆ ಬಿಟ್ಟಿತ್ತಾ?"

ನಗು ನಿಂತಿತು. ಒಂದು ಕಾಯಿ ಸುಲಿದರು. ಇನ್ನೊಂದು.

"ಇಲ್ಲ. ನಾನ ಒಡದೆ. ಕೋರ್ಟಿನ ಕಾಗದ, ಏನ ಭಾನಗಡಿ ಮಾಡಕೊಂಡ ಬಂದಾಳ ಈಕಿ, ನಾಳೆ ಪೊಲೀಸ್ರು ನನ್ನ ಬಾಗಲಾ ಬಡೀತಾರೇನಂತ ಅಂಜಿದ್ದೆ. ಅಷ್ಟೂ ಓದಿದೆ. ಎರಡ ಸಲ."

"ಯಾರಿಗೆ ಹೇಳಿದಿರಿ?"

"ನಮ್ಮ ಯಜಮಾನ್ರಿಗೆ ಹೇಳಿದೆ. ಸುಳ್ಳ್ಯಾಕ ಹೇಳ್ಲಿ, ಸುನಂದಾಗೂ ಹೇಳಿದೆ. ಕ್ರಿಸ್ತಿನಾಗ ಹೇಳಿಲ್ಲ."

ಸಿಟ್ಟು ಬಂತು. ಒಳಗೆಲ್ಲೋ ಹಗುರವೂ ಆಯಿತು. ನಾನು ಅನುಮಾನಿಸಿದ್ದು ಸರಿಯಿತ್ತು. ಮತ್ತು ಇವರು ನನ್ನ ಮುಖ ನೋಡಿ ಹೇಳಿದರು. ತಪ್ಪಾಯಿತು ಅನ್ನಲಿಲ್ಲ. ಈಗ ಹೊಳೆಯುತ್ತಿದೆ, ನಿನ್ನೆ ಉಡಿ ತುಂಬಿದ್ದು ಎಲ್ಲ ಗೊತ್ತಿದ್ದೇ.

ಅಲ್ಲಿಗೆ ಎದ್ದು ಬರಬಹುದಿತ್ತು. ಬರಲಿಲ್ಲ.

"ಈ ಖಣ ನಿಮಗೆ ಎಲ್ಲಿಂದ ಬಂತು ಗೊತ್ತಾ?"

"ಸುನಂದಾ ಕೊಟ್ಳು. ಅಕಿಗಿ ಕ್ರಿಸ್ತಿನಾ ಕೊಟ್ಟಿದ್ದಂತ, ಹೇಳಿದ್ಳು."

"ಗೊತ್ತಿದ್ದೇ ದೇವರ ಮುಂದಿನ ತಾಟಿನಲ್ಲಿ ಇಟ್ಟಿರಾ?"

"ಇಟ್ಟೆ." ಕಾಯಿಯ ಸಿಪ್ಪೆ ಬುಟ್ಟಿಗೆ ಹಾಕಿದರು. "ಒಮ್ಮೆ ನೀರಾಗ ಅದ್ದಿ, ಒಣಗಿಸಿ ಇಟ್ಟೆ."

"ಎಲ್ಲರದೂ ಅದ್ದುತ್ತೀರಾ?"

ಸುಲಿದ ಕಾಳನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು.

"ಇಲ್ಲ." ಆಮೇಲೆ, ಗದರಿದ ಹಾಗೆ: "ಕೇಳಿದಿ, ಹೇಳಿದೆ."

ಮೊದಲ ಸಲ ನನಗೆ ಏಕವಚನ. ಅದನ್ನು ಇಂಥ ಹೊತ್ತಿನಲ್ಲಿ ಕೊಟ್ಟರು.

ಜನವರಿ 17, ಶುಕ್ರವಾರ

ಕ್ರಿಸ್ತಿನಾ ಇವತ್ತು ಡಬ್ಬಿ ತಂದು ಮೇಜಿನ ಆ ತುದಿಯಲ್ಲಿ ಕೂತಳು. ಮಾತಿಲ್ಲ. ಆದರೂ ಬಂದಳು.

ನನಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ಹೇಳಿದರೆ ನೋಯುತ್ತಾಳೆ. ಹೇಳದಿದ್ದರೆ, ಖಣ ತಾಟಿನಲ್ಲಿ ಬಂತಲ್ಲ ಎಂಬ ಸಮಾಧಾನ ಅವಳಿಗೆ ಇರುತ್ತದೆ. ಯಾಕೆ ಕಸಿದುಕೊಳ್ಳಬೇಕು? ನೀಲಕ್ಕನ ಮನೆಯಲ್ಲಿ ನಾನಿರುವುದು. ಫೆಬ್ರವರಿ ಮುಗಿದರೆ ನಾನೂ ಹೊರಡುವವಳು.

"ನಿನಗೆ ನೋವಾಗುತ್ತೆ ಅಂತ ಹೇಳಲಿಲ್ಲ ಕಣೇ."

ಆ ನಾಲ್ವರೂ ಹೀಗೇ ಯೋಚಿಸಿರಬೇಕು. ಒಳ್ಳೆಯ ಮನಸ್ಸಿನಿಂದಲೇ.

ಜನವರಿ 20, ಸೋಮವಾರ

ಹೇಳಿದೆ. ರ‍್ಯಾಕುಗಳ ನಡುವೆ ನಿಂತು, ಒಂದೇ ಉಸಿರಿಗೆ. "ಅವರಿಗೆ ಗೊತ್ತಿತ್ತು. ಅದ್ದಿದ್ದಾರೆ. ಬೇರೆಯವರದ್ದು ಅದ್ದಲ್ಲವಂತೆ. ನಾನೇ ಕೇಳಿದೆ."

ಕೈಯಲ್ಲಿದ್ದ ಪುಸ್ತಕಗಳನ್ನು ಒಂದೊಂದಾಗಿ ಜಾಗಕ್ಕೆ ಸೇರಿಸಿದಳು. ನಂಬರ್ ತಪ್ಪಲಿಲ್ಲ. ಬೆನ್ನು ನನ್ನ ಕಡೆಗಿತ್ತು.

"ಆ ಅರಿವಿ ಎಲ್ಲೈತ್ರಿ?"

ಡ್ರಾಯರಿನಿಂದ ತೆಗೆದುಕೊಟ್ಟೆ. ಕೆಂಪು ಮೂಲೆಯನ್ನು ಉಗುರಿನಿಂದ ಎಳೆದು ನೋಡಿದಳು.

"ನೀರಿಗೆ ಹಾಕಿದ್ರೂ ನನ್ನ ದಾರ ಬಿಟ್ಟಿಲ್ಲ ನೋಡ್ರಿ. ಬಣ್ಣಾನೂ ಬಿಟ್ಟಿಲ್ಲ."

ನಗುತ್ತಿದ್ದಾಳೆ ಎಂದುಕೊಂಡೆ. ಮುಖ ತಿರುಗಿಸಿದಾಗ ಹಾಗಿರಲಿಲ್ಲ.

ಆಮೇಲೆ ಹೇಳಿದಳು. "ಮೊದಲಿನ ಮೂರೂ ಮಂದೀಗೆ ಇಂಥಾವು ಗೊತ್ತಾಗ್ತಿದ್ದವು. ಒಬ್ರೂ ಹೇಳ್ತಿದ್ದಿಲ್ಲ. ಪಾಪ ಕ್ರಿಸ್ತಿನಾ, ಅಂತಿದ್ರು."

ಅವನ ವಿಷಯ, ಮೈಸೂರಿನ ನಾಲ್ವರ ವಿಷಯ, ತೀರ್ಪು, ಮಡಿಕೆ ಎಲ್ಲ ಅವಳಿಗೆ ಹೇಳಿದೆ. ಈ ಊರಿನಲ್ಲಿ ನನ್ನ ಬಾಯಿಂದಲೇ ಕೇಳಿದವಳು ಅವಳೊಬ್ಬಳು.

"ನಾಕೂ ಮಂದೀನ?" ಅಂದಳು. "ಒಬ್ಬಾಕೀಗರ ಹೊಟ್ಟಿ ಚುರ್ ಅನಲಿಲ್ಲೇನು?"

ಫೆಬ್ರವರಿ 11, ಮಂಗಳವಾರ

ಬೆಳಿಗ್ಗೆ ನನ್ನ ಜೊತೆ ಹೋಗಲು ಕ್ರಿಸ್ತಿನಾ ಗೇಟಿನ ಹತ್ತಿರ ಬಂದಿದ್ದಳು. ನೀಲಕ್ಕ ಬಟ್ಟೆ ಒಣಹಾಕುತ್ತಿದ್ದರು.

"ನೀಲಕ್ಕಾರ, ಇವನ್ನೆಲ್ಲಾ ಒಂದೊಂದ ಸಲ ಅದ್ದಿದ್ರೋ, ಎರಡೆರಡೋ?"

ನೀಲಕ್ಕನ ಕೈ ಹಗ್ಗದ ಮೇಲೇ ನಿಂತಿತು. ಕಿವಿಯವರೆಗೂ ಕೆಂಪು. "ನಿನ್ನ ಬಾಯಿ ಅದ್ದಬೇಕಿತ್ತು ಮೊದಲ."

"ಅದೂ ಬಣ್ಣಾ ಬಿಡೂದಿಲ್ರಿ."

ಸಂಜೆ ನೀಲಕ್ಕ ಮೆಟ್ಟಿಲಲ್ಲಿ ತಡೆದರು. "ಹೊಟ್ಟ್ಯಾಗ ಒಂದ ಮಾತು ಇಟಗೊಳ್ಳಾಕ ಬರೂದಿಲ್ಲ ನಿನಗ. ಊರಾಗ ಹೆಂಗ ಬಾಳೇ ಮಾಡ್ತಿ?" ನನಗೂ ಗೊತ್ತಿಲ್ಲ. ಮನೆ ಬಿಡಿಸುತ್ತಾರೋ ಏನೋ. ಒಂದು ತಾಸಿನ ಮೇಲೆ ಅವರೆಕಾಳಿನ ಉಸುಳಿ ಕಳಿಸಿದರು. ಉಪ್ಪು ಜಾಸ್ತಿ. ಬೇಕೆಂದೇ ಹಾಕಿದ್ದಿರಬೇಕು.

ಅರ್ಜಿ ಅರ್ಧ ತುಂಬಿ ಸೇವ್ ಮಾಡಿದ್ದೇನೆ. ಕ್ರಿಸ್ತಿನಾಗೆ ಹೇಳಿಲ್ಲ. ಇದನ್ನೂ ಹೇಳಬೇಕಲ್ಲವೇ?

ಫೆಬ್ರವರಿ 12, ಬುಧವಾರ

ಹೇಳಿದೆ. "ಅನಕೊಂಡಿದ್ದೆ" ಎಂದಳು. ಡಬ್ಬಿ ಮುಚ್ಚಿದಳು.

ಫೆಬ್ರವರಿ 23, ಭಾನುವಾರ

ಪೂಜೆ ಮುಗಿಸಿ ಚರ್ಚಿನಿಂದ ಸೀದಾ ಬಂದಳು. ಕೂರಲಿಲ್ಲ. ಪೇಪರಿನಲ್ಲಿ ಸುತ್ತಿದ ಒಂದು ಖಣ ಕೊಟ್ಟಳು. ಕಡುನೀಲಿ, ಕೆಂಪು ಅಂಚು. ಅಂಗಡಿಯ ಗಂಜಿ ಇನ್ನೂ ಇದೆ. ಒಂದೇ ಥರದ ಮಡಿಕೆ.

"ಒಂದ ಮೀಟರ ಐತಿ. ತೋಳು ಬರತೈತಿ." ಅಷ್ಟು ಹೇಳಿ ಮೆಟ್ಟಿಲಿಳಿದಳು.

ಹೊಲಿಯುವ ಖಣ. ಆಗಸ್ಟಿನಿಂದ ಇದಕ್ಕೇ ಕಾದಿದ್ದೆ. ಆದರೂ ಬಾಗಿಲು ಹಾಕಿ ಮೊದಲು ಮಾಡಿದ್ದು ನಾಲ್ಕೂ ಮೂಲೆ ನೋಡುವ ಕೆಲಸ.

ನಾಲ್ಕನೆಯದರಲ್ಲಿ ಇತ್ತು. ಕೆಂಪು ಅಂಚಿನೊಳಗೆ ಕೆಂಪು ದಾರದ ಶಿಲುಬೆ. ಹುಡುಕದವರಿಗೆ ಕಾಣುವುದಿಲ್ಲ.

ಹೊಲಿಸಿದರೆ ಇದು ನನ್ನ ಮೈಮೇಲಿರುತ್ತದೆ. ಹೋಗುವಾಗ ಯಾರಿಗಾದರೂ ದಾಟಿಸಿದರೆ, ಈ ಊರಿನಲ್ಲಿ ಸುತ್ತಿ ಒಂದಲ್ಲ ಒಂದು ದಿನ ಅವಳ ಕೈಗೆ ಬರುತ್ತದೆ. ಆಗ ನಾಲ್ಕನೇ ಲೈಬ್ರರಿಯನ್ ಏನು ಮಾಡಿದಳೆಂದು ಗೊತ್ತಾಗುತ್ತದೆ. ಬಾಯಿಬಿಟ್ಟು ಇರು ಎಂದು ಕೇಳಲಾರಳು. ನಾನೂ ಕೇಳುತ್ತಿರಲಿಲ್ಲ.

ಇಷ್ಟು ನನ್ನಂಥವಳನ್ನು ನಾನು ಎಲ್ಲೂ ನೋಡಿಲ್ಲ.

ಫೆಬ್ರವರಿ 28, ಶುಕ್ರವಾರ. ಸಂಜೆ 5.05

ಸುನಂದಾಳ ಅಂಗಡಿಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಫೋನು ಚೀಲದಲ್ಲಿದೆ. ಅರ್ಜಿಯಲ್ಲಿ ನಾಲ್ಕನೇ ಕಾರಣಕ್ಕೆ ಗುರುತು ಹಾಕಿದ್ದೇನೆ, ಸಬ್ಮಿಟ್ ಒತ್ತಿಲ್ಲ. ಇನ್ನು ಇಪ್ಪತ್ತೈದು ನಿಮಿಷ. ತೆಗೆದು ನೋಡಬಾರದು ಎಂದುಕೊಂಡಿದ್ದೇನೆ. ಎರಡು ಸಲ ನೋಡಿದೆ.

ಎದುರಿನ ಕಟ್ಟೆಯ ಮೇಲೆ ಕ್ರಿಸ್ತಿನಾ, ಸೊಪ್ಪಿನ ಚೀಲ ಹಿಡಿದು. ಸಂತೆಯಿಂದ ಬರುತ್ತ ಬಿಸಿಲಿಗೆ ಕೂತಳಂತೆ. ಬಿಸಿಲು ಆ ಕಡೆ ಇಲ್ಲವೇ ಇಲ್ಲ.

ಸುನಂದಾ ಅಳತೆ ತೆಗೆದಳು. ಈಗ ಬಟ್ಟೆ ಹರಡಿ ಸೀಮೆಸುಣ್ಣ ಎಳೆಯುತ್ತಿದ್ದಾಳೆ.

"ತೋಳು ಎಷ್ಟ ಉದ್ದ ಇಡ್ಲಿರಿ ಅಕ್ಕಾ?" ಮೇಡಂ ಹೋಗಿ ಅಕ್ಕ ಆಗಿದೆ. ಗಮನಿಸಿದ್ದೇನೆ.

"ಮೊಣಕೈವರೆಗೆ."

ಕತ್ತರಿ ಅಂಚಿಗೆ ಬಂದು ನಿಂತಿತು. "ಇಲ್ಲೇನೋ ದಾರಾ ಸಿಕ್ಕೈತಲ್ರಿ, ಕೆಂಪಂದು. ಈ ಮೂಲಿ ಕತ್ತರಿಸಿ ಒಗೀಲೇನು?"

ಕಟ್ಟೆಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ತಲೆ ಎತ್ತಲಿಲ್ಲ.

5.20. ಸುನಂದಾ ಮತ್ತೆ ಕೇಳುತ್ತಿದ್ದಾಳೆ. ಮಾರ್ಜಿನ್ ಎಷ್ಟು ಬಿಡಲಿ, ಇಲ್ಲಿಯ ನೀರಿಗೆ ಎಲ್ಲರೂ ದಪ್ಪ ಆಗುತ್ತಾರೆ, ನಾಲ್ಕೈದು ವರ್ಷ ಬರಬೇಕಲ್ಲ, ಎರಡಿಂಚು ಬಿಡಲೇ ಎಂದು. ಬಿಡು ಎಂದೆ. ಆ ಮೂಲೆ ಕತ್ತರಿಸಬೇಡ. ಅದನ್ನು ಮಡಚಿ, ಮಾರ್ಜಿನ್ನಿನ ಒಳಗೆ—